ಪಕ್ಕೀರಪ್ಪನ ಉಡುದಾರದ ಕೀಲಿ

ಹುಲುಗಪ್ಪನಿಗೆ ಹುಚ್ಚು ಹಿಡಿದಿದ್ದಷ್ಟು ದಿನ ಅವನಿಂದ ಪೆಟ್ಟು ತಿಂದವನಿಗೂ ಅವನ ಮೇಲೆ ಸಿಟ್ಟಿರಲಿಲ್ಲ. ಬುದ್ಧಿ ನೆಟ್ಟಗಾದ ಮೇಲೆಯೇ ಅವನ ಪ್ರಾಣಕ್ಕೆ ಸಂಚಕಾರ ಬಂದದ್ದು. ಕೇಳಿದವರು ಇದೆಲ್ಲಿಯ ಮಾತು ಎಂದು ನಗಬಹುದು, ನಗಲಿ. ಅವನ ಅಕ್ಕ ಗಿಡ್ಡಮ್ಮನ ಎದುರು ಮಾತ್ರ ನಗದಿದ್ದರೆ ಸಾಕು.

ಗಿಡ್ಡಮ್ಮ ಹೆಸರಿಗಷ್ಟೇ ಗಿಡ್ಡಿ. ತನ್ನ ಮನೆಯ ಬಾಗಿಲನ್ನು ತಾನೇ ಬಗ್ಗಿ ದಾಟಬೇಕಾದಷ್ಟು ಎತ್ತರದ ಹೆಂಗಸು. ಗಂಡ ಸತ್ತ ಮೇಲೆ ತವರಿಗೆ ಬಂದು, ಕಾನಹೊಸಹಳ್ಳಿಯ ದವಾಖಾನೆಯಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದ್ದಳು. ತಾಯಿ ತೀರಿಕೊಂಡಾಗ ಹುಲುಗಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಇವಳೇ. ಕೇರಿಯಲ್ಲಿ ಯಾರಾದರೂ ಅವನಿಗೆ ಒಂದು ಏಟು ಹಾಕಿದರೆ ಮುಗಿಯಿತು, ಅವರ ಮನೆಗೆ ನುಗ್ಗಿ ಅಡಿಗೆಯ ಮಡಕೆಯನ್ನು ಅಂಗಳಕ್ಕೆ ತಂದು ಒಡೆದು ಬರುತ್ತಿದ್ದಳು. ತಾನೂ ಅವನ ಮೇಲೆ ಒಂದು ದಿನ ಕೈ ಎತ್ತಿದವಳಲ್ಲ.

ಹುಲುಗಪ್ಪ ಕಲ್ಲು ಒಡೆಯುವವನು. ಕಲ್ಲು ಸೀಳುವ ಕೆಲಸ ಒಬ್ಬನಿಂದ ಆಗುವುದಲ್ಲ. ಒಬ್ಬ ಬಂಡೆಯ ಮೇಲೆ ಉಳಿ ಹಿಡಿದು ಕೂರಬೇಕು, ಇನ್ನೊಬ್ಬ ನಿಂತು ಸುತ್ತಿಗೆ ಬೀಸಬೇಕು. ಉಳಿ ಹಿಡಿದವನು ತಲೆಯ ಮೇಲಿನ ಸುತ್ತಿಗೆಯ ಕಡೆ ನೋಡಬಾರದು. ನೋಡಿದರೆ ಕೈ ಅಲುಗುತ್ತದೆ, ಅಲುಗಿದರೆ ಕೈ ಹೋಗುತ್ತದೆ. ಹಾಗಾಗಿ ಬೀಸುವವನ ಮೇಲೆ ಹಿಡಿಯುವವನಿಗೆ ಕಟ್ಟಿಕೊಂಡ ಹೆಂಡತಿಗಿಂತ ಹೆಚ್ಚಿನ ನಂಬಿಕೆ ಇರಬೇಕಾಗುತ್ತದೆ. ಹುಲುಗಪ್ಪನ ಸುತ್ತಿಗೆಗೆ ಉಳಿ ಹಿಡಿಯುತ್ತಿದ್ದವನು ಅದೇ ಕೇರಿಯ ಪಕ್ಕೀರಪ್ಪ. ಮೀಸೆ ಮೂಡುವ ಮೊದಲಿನಿಂದಲೂ ಇಬ್ಬರದೂ ಒಂದೇ ಬಂಡೆ, ಒಂದೇ ಬುತ್ತಿ, ಒಂದೇ ಬೀಡಿ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಹುಲುಗಪ್ಪನಿಗೆ ನಿದ್ದೆ ಬಿಟ್ಟುಹೋಯಿತು. ಬಂಡೆಗೆ ಕಿವಿ ಕೊಟ್ಟು ಏನನ್ನೋ ಕೇಳುತ್ತಾ ಕೂತುಬಿಡುತ್ತಿದ್ದ. ಪಕ್ಕೀರಪ್ಪ ಕೊಟ್ಟ ಬೀಡಿಯನ್ನು ಮೂಸಿ ನೋಡಿ ಬಿಸಾಡುತ್ತಿದ್ದ. ಇವನಿಗೆ ಬಿಸಿಲು ನೆತ್ತಿಗೇರಿದೆ ಎಂದು ಉಳಿದವರು ನಗೆಯಾಡಿದರು. ಆ ನಗೆ ಒಂದು ವಾರವೂ ಬಾಳಲಿಲ್ಲ.

ಅವತ್ತು ಪಕ್ಕೀರಪ್ಪ ಎಂದಿನಂತೆ ಉಳಿ ಹಿಡಿದು, ಕಲ್ಲಿನ ಮೇಲೆ ಕಣ್ಣು ನೆಟ್ಟು ಕೂತಿದ್ದ. ಸುತ್ತಿಗೆ ಉಳಿಯ ಮೇಲೆ ಬೀಳಲಿಲ್ಲ, ಬಲಗೈಯ ಮೇಲೆ ಬಿತ್ತು. ಅವನು ಅಯ್ಯೋ ಎನ್ನುವಷ್ಟರಲ್ಲಿ ಅದೇ ಕೈಯ ಮೇಲೆ ಇನ್ನೊಮ್ಮೆ ಬಿತ್ತು. ಕೈ ಎನ್ನುವುದು ಕೈಯಾಗಿ ಉಳಿಯದೆ ಬಂಡೆಗೆ ಮೆತ್ತಿಕೊಂಡಿತು. ಮೂರನೆಯ ಸಲ ಎತ್ತಿದ ಸುತ್ತಿಗೆ ತಲೆಯ ಮೇಲೆಯೇ ಬೀಳುತ್ತಿತ್ತೋ ಏನೋ. ಅಷ್ಟರಲ್ಲಿ ಯಾರೋ ಹಿಂದಿನಿಂದ ಹಾರೆಯಿಂದ ಹುಲುಗಪ್ಪನ ಮೊಣಕಾಲಿಗೆ ಬೀಸಿ ಕೆಡವಿದರು. ಬಿದ್ದಲ್ಲೇ ಅವನು ಒಬ್ಬನ ಮುಂಗೈ ಕಚ್ಚಿ ಮಾಂಸ ಕಿತ್ತ. ಎತ್ತು ಕಟ್ಟುವ ಹಗ್ಗದಿಂದ ಬಿಗಿದು, ತಡಿಕೆಯ ಮೇಲೆ ಹಾಕಿ ಮನೆಗೆ ತಂದರು.

ಪಕ್ಕೀರಪ್ಪನ ಬಾಮೈದುನರು ಕುಡುಗೋಲು ಹಿಡಿದು ಬಂದರು. ಕೂಡ್ಲಿಗಿ ಠಾಣೆಗೆ ಹೋಗುತ್ತೇವೆ, ಇಲ್ಲದಿದ್ದರೆ ಇವನ ಎರಡೂ ಕೈ ಕಡಿದು ನಾಯಿಗೆ ಹಾಕುತ್ತೇವೆ ಎಂದು ಅಂಗಳದಲ್ಲಿ ನಿಂತು ಅರಚಾಡಿದರು. ಅವರನ್ನು ತಡೆದವನು ಬೇರೆ ಯಾರೂ ಅಲ್ಲ, ಪಕ್ಕೀರಪ್ಪನೇ. ದವಾಖಾನೆಯಲ್ಲಿ ಮಣಿಕಟ್ಟಿನವರೆಗೆ ಕೈ ತೆಗೆಸಿಕೊಂಡು ಮಲಗಿದ್ದ ಅವನು ಹೆಂಡತಿ ಸುಂಕಮ್ಮನ ಕೈಯಲ್ಲಿ ಹೇಳಿ ಕಳಿಸಿದ: "ನಮ್ಮ ಹುಲುಗ ಹೊಡದಿಲ್ಲ. ಅವನ ಮೈಯಾಗ ಬಂದಿದ್ದು ಹೊಡದೈತಿ. ದೆವ್ವದ ಮ್ಯಾಲೆ ಯಾವನರ ಕೇಸು ಹಾಕ್ತಾನೇನು? ದುರುಗಮ್ಮನ ಗುಡಿಗೆ ಒಯ್ರಿ."

ಆ ಗುಡಿ ಚಿಗಟೇರಿ ಕಡೆಯ ಒಂದು ಗುಡ್ಡದ ಬುಡದಲ್ಲಿತ್ತು. ಪೂಜಾರಿ ಗಾಳೆಪ್ಪ ಎಪ್ಪತ್ತು ದಾಟಿದ ಒಣಕಲು ಮುದುಕ. ಸುತ್ತಲಿನ ಊರುಗಳಲ್ಲಿ ಯಾರ ತಲೆ ಕೆಟ್ಟರೂ ಅವನ ಬಳಿಗೇ ತರುತ್ತಿದ್ದರು. ಅಲ್ಲಿನ ಕಟ್ಟಳೆ ಬೇರೆಲ್ಲೂ ಇಲ್ಲದ್ದು. ಮೈಯಲ್ಲಿ ದೆವ್ವ ಸೇರಿದವನನ್ನು ಕಾಲಿಗೆ ಸರಪಳಿ ಹಾಕಿ, ಅಂಗಳದ ಕಲ್ಲುಕಂಬಕ್ಕೆ ಬಿಗಿದು ಬೀಗ ಜಡಿಯುವರು. ಆ ಬೀಗದ ಕೀಲಿ ಪೂಜಾರಿಯ ಹತ್ತಿರ ಇರುವುದಿಲ್ಲ, ದೆವ್ವದಿಂದ ಪೆಟ್ಟು ತಿಂದವರ ಹತ್ತಿರ ಇರುತ್ತದೆ. ದೆವ್ವ ಹೆಸರು ಹೇಳಿ, ಹೋಗುತ್ತೇನೆಂದು ಎಲ್ಲರ ಮುಂದೆ ಮಾತು ಕೊಟ್ಟ ದಿನ ಪೆಟ್ಟು ತಿಂದವನು ಬಂದು, ಬೇವಿನ ಸೊಪ್ಪಿನ ಕೊಂಬೆಯಿಂದ ಅದರ ಬೆನ್ನಿಗೆ ಹೊಡೆದು, ತನ್ನ ಕೈಯಾರೆ ಬೀಗ ತೆಗೆಯಬೇಕು. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣಬೇಕು. ಉಂಡ ಮೇಲೆ ಹಿಂದೆ ಆದದ್ದನ್ನು ಯಾರೂ ಎತ್ತುವಂತಿಲ್ಲ. ಎತ್ತಿದವರ ಮನೆಗೆ ದುರುಗಮ್ಮ ಬರುತ್ತಾಳೆ ಎಂಬ ಹೆದರಿಕೆಗೆ ಎಂಥ ಜಗಳಗಂಟರೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಹಾಗೆ ಕೀಲಿ ಪಕ್ಕೀರಪ್ಪನ ಉಡುದಾರಕ್ಕೆ ಹೋಯಿತು, ಹುಲುಗಪ್ಪ ಕಂಬಕ್ಕೆ ಹೋದ. ಗಿಡ್ಡಮ್ಮ ದವಾಖಾನೆಯ ಕೆಲಸಕ್ಕೆ ಕೇರಿಯ ಓರಗೆಯವಳೊಬ್ಬಳನ್ನು ಹಚ್ಚಿ, ಗುಡಿಯ ಅಂಗಳದಲ್ಲೇ ಮೂರು ಕಲ್ಲಿನ ಒಲೆ ಹೂಡಿದಳು.

ಗಾಳೆಪ್ಪನನ್ನು ಮೋಸಗಾರ ಎನ್ನುವಂತಿಲ್ಲ. ಮೋಸಗಾರನಾಗಿದ್ದರೆ ಅಷ್ಟು ಜೋರಾಗಿ ಹೊಡೆಯುತ್ತಿರಲಿಲ್ಲ. ಬೆಳಗಾದರೆ ಹುಣಸೆಯ ಬರಲು ಕೋಲು ಹಿಡಿದು ಕಂಬದ ಮುಂದೆ ನಿಲ್ಲುತ್ತಿದ್ದ. ಕಂಬಳಿ ಮುಚ್ಚಿ ಒಳಗೆ ಒಣಮೆಣಸಿನಕಾಯಿಯ ಹೊಗೆ ಹಾಕುತ್ತಿದ್ದ. ಹುಲುಗಪ್ಪ ಕೆಮ್ಮಿ ಕೆಮ್ಮಿ ಕಣ್ಣು ಗುಡ್ಡೆ ಹೊರಗೆ ಬಂದು, ಉಚ್ಚೆ ಹೊಯ್ದುಕೊಂಡು, ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ. "ಯಾವನ್ಲೇ ನೀನು? ಹೆಸರು ಹೇಳು!" ಎಂದು ಮುದುಕ ಬಾರಿಸುತ್ತಿದ್ದ. ಬಿಸಿಲು ಏರಿದ ಮೇಲೆ ತಾನೇ ಎಬ್ಬಿಸಿದ ಬಾಸುಂಡೆಗಳಿಗೆ ತಾನೇ ಅರಿಸಿನ, ಔಡಲೆಣ್ಣೆ ಹಚ್ಚಿ, ತಾಯಿಯ ಹಾಗೆ ಗಾಳಿ ಊದುತ್ತಿದ್ದ. ಗಿಡ್ಡಮ್ಮನಿಗೆ ಅವನ ಕುತ್ತಿಗೆ ಹಿಸುಕಬೇಕು ಅನ್ನಿಸುತ್ತಿತ್ತು, ಅವನ ಕಾಲು ಹಿಡಿಯಬೇಕು ಅಂತಲೂ ಅನ್ನಿಸುತ್ತಿತ್ತು. ಮೊದಮೊದಲು ಒಲೆಯ ಮುಂದೆ ಕೂತು ಕಿವಿಗೆ ಸೆರಗು ತುರುಕಿಕೊಂಡಳು. ಒಂದು ದಿನ ಹುಲುಗಪ್ಪನ ಬಾಯಿಂದ ರಕ್ತದ ಜೊತೆ ಹಲ್ಲು ಬಿತ್ತು. ಮಾರನೆಯ ದಿನವೇ ಅವಳು ದಾವಣಗೆರೆಯ ಬಸ್ಸು ಹತ್ತಿದಳು.

ದವಾಖಾನೆಯ ಕಂಪೌಂಡರು ಹಿಂದೊಮ್ಮೆ ಹೇಳಿದ್ದ ದೊಡ್ಡ ಡಾಕ್ಟರನ್ನು ಹುಡುಕಿ ಹೋದಳು. ರೋಗಿಯನ್ನು ಕರೆದುಕೊಂಡು ಬಾ ಎಂದು ಡಾಕ್ಟರು ಗದರಿದರು. ಕರೆದುಕೊಂಡು ಬರಲು ಕೀಲಿ ತನ್ನ ಕೈಯಲ್ಲಿಲ್ಲ ಎಂದು ಗಿಡ್ಡಮ್ಮ ಅವರ ಕಾಲು ಹಿಡಿದು ನೆಲಕ್ಕೆ ಬಿದ್ದಳು. ಕೊನೆಗೆ ಡಾಕ್ಟರು ಅವನು ನಿದ್ದೆ ಮಾಡದ್ದು, ಕಲ್ಲು ಮಾತಾಡುತ್ತದೆ ಅಂದದ್ದು, ಬೀಡಿ ಮೂಸಿದ್ದು ಎಲ್ಲವನ್ನೂ ಕೇಳಿ ತಿಳಿದುಕೊಂಡು ಗುಳಿಗೆ ಕೊಟ್ಟರು. ಇದು ಮೆದುಳಿನ ಕಾಯಿಲೆ, ಗುಳಿಗೆ ತಿಂದರೆ ಹಿಡಿತಕ್ಕೆ ಬರುತ್ತದೆ, ವಾಸಿಯಾಯಿತೆಂದು ನಡುವೆ ಬಿಟ್ಟರೆ ಮತ್ತೆ ಕೆರಳುತ್ತದೆ, ಆಗ ಇವನು ಯಾರ ಮೇಲೆ ಕೈ ಮಾಡುತ್ತಾನೋ ಹೇಳಲಾಗದು ಎಂದು ಬಿಡಿಸಿ ಹೇಳಿದರು. ಗಿಡ್ಡಮ್ಮ ಗುಳಿಗೆಯ ಪೊಟ್ಟಣವನ್ನು ಕುಪ್ಪಸದೊಳಗೆ ಇಟ್ಟುಕೊಂಡು ಬಂದಳು. ದವಾಖಾನೆಯ ವಸ್ತು ದುರುಗಮ್ಮನ ಅಂಗಳಕ್ಕೆ ಬರಬಾರದು ಎಂಬುದೂ ಅಲ್ಲಿನ ಕಟ್ಟಳೆಯೇ. ಹಾಗಾಗಿ ಅದನ್ನು ಅಂಬಲಿಯಲ್ಲಿ ಅರೆದು ಕುಡಿಸಿದಳು.

ಹುಲುಗಪ್ಪ ಮೊದಲು ಮಂಕಾದ. ಜೊಲ್ಲು ಸುರಿಸಿಕೊಂಡು ಕೂತಲ್ಲೇ ತೂಗಿದ. ದೆವ್ವ ದಣಿದಿದೆ ಎಂದು ಗಾಳೆಪ್ಪ ಹಿಗ್ಗಿದ. ಬರಬರುತ್ತ ಅವನ ಕಣ್ಣು ತಿಳಿಯಾದವು. ಒಂದು ಮುಂಜಾನೆ ಅವನು ಅಂಬಲಿಯ ಬಟ್ಟಲು ಹಿಡಿದುಕೊಂಡು, "ಅಕ್ಕಾ, ಕಾಲು ಭಾಳ ನೋಯ್ತೈತಿ" ಎಂದ. ತಿಂಗಳುಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಸರಿಯಾದ ಮಾತು. ಗಿಡ್ಡಮ್ಮ ಅಳುವುದಕ್ಕೆ ಮೊದಲೇ ಎರಡನೆಯ ಮಾತು ಬಂತು.

"ಪಕ್ಕೀರನ ಕೈ ಹೆಂಗೈತಿ?"

ಅವನು ಮತ್ತೆ ಮತ್ತೆ ಕೇಳಿದ ಮೇಲೆ ಹೇಳಿದಳು. ಹುಲುಗಪ್ಪ ಬಟ್ಟಲು ಕೆಳಗಿಟ್ಟು, ಮುಖವನ್ನು ಕಂಬಕ್ಕೆ ಒತ್ತಿಕೊಂಡು ಅವತ್ತೆಲ್ಲ ಹಾಗೆಯೇ ಕೂತ. ಆಮೇಲಿನಿಂದ ಗುಳಿಗೆಯನ್ನು ಅರೆಯುವ ಅಗತ್ಯ ಬೀಳಲಿಲ್ಲ. ಅವನೇ ಕೈ ಚಾಚಿ ಇಸಿದುಕೊಂಡು ನುಂಗುತ್ತಿದ್ದ.

ಇಷ್ಟಾದರೂ ಬಿಡುಗಡೆ ಆಗಲಿಲ್ಲ. ದೆವ್ವ ಅಡಗಿ ಕೂತಿದೆ, ಹೆಸರು ಹೇಳದೆ ಹೋದದ್ದು ಹೋದಂತಲ್ಲ ಎಂದು ಗಾಳೆಪ್ಪ ಹಟ ಹಿಡಿದ. ಹುಲುಗಪ್ಪ ಸುಮ್ಮನಿದ್ದಷ್ಟೂ ಬರಲಿನ ಏಟು ಹೆಚ್ಚಾದವು. ಮೊದಲು ಹುಚ್ಚಿನ ಮೈ ತಿನ್ನುತ್ತಿದ್ದ ಏಟನ್ನು ಈಗ ಬುದ್ಧಿ ಇದ್ದ ಮೈ ತಿನ್ನಬೇಕಾಯಿತು. ಬೆನ್ನಿನಲ್ಲಿ ಕೀವು ತುಂಬಿತು. ಇನ್ನೊಂದು ಬೇಸಿಗೆ ಇಲ್ಲಿ ಕಳೆದರೆ ಇವನು ಉಳಿಯುವುದಿಲ್ಲ ಎಂದು ಗಿಡ್ಡಮ್ಮನಿಗೆ ಖಾತರಿಯಾಯಿತು. ಒಂದು ದಿನ ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು.

"ನಾಳೆ ಅಜ್ಜ ಹೊಡಿಯಾಕ ಬಂದಾಗ ಹೆಸರು ಹೇಳಿಬಿಡು. ಬೆನಕಪ್ಪ ಅನ್ನು."

ಬೆನಕಪ್ಪ ಅವರದೇ ಕಲ್ಲುಗಣಿಯಲ್ಲಿ ಸಿಡಿಮದ್ದಿಗೆ ಸಿಕ್ಕು ಸತ್ತವನು. ಹಿಂದಿಲ್ಲ, ಮುಂದಿಲ್ಲ. ಅವನ ಹೆಸರು ಹೇಳಿದರೆ ಜಗಳಕ್ಕೆ ಬರುವವರು ಯಾರೂ ಇರಲಿಲ್ಲ. ಗಿಡ್ಡಮ್ಮ ಅದನ್ನೂ ಯೋಚಿಸಿದ್ದಳು.

"ಸುಳ್ಳು ಹೇಳ್ಲೇನಕ್ಕಾ? ಪಕ್ಕೀರನ ಮುಂದ?"

"ಸುಳ್ಳರ ಆಗ್ಲಿ, ಏನರ ಆಗ್ಲಿ. ಹೆಸರು ಹೇಳು, ಹೊಳ್ಳಾಡು, ಹೋಗ್ತೀನಿ ಅನ್ನು. ಅಷ್ಟ. ಆಮ್ಯಾಲೆ ನಾವು ಮನಿಗಿ ಹೋಗಾಣ."

"ಅವನು ಆ ಮೊಂಡು ಕೈ ಹಿಡಕಂಡು ನನ್ನ ಮುಂದ ಬಂದು ನಿಂತ್ರ ನಾ ಹೆಂಗ..."

"ನನ್ನಾಣಿ ಐತಿ" ಎಂದಳು ಗಿಡ್ಡಮ್ಮ. ಆಣೆಯ ಮಾತಿಗೆ ಅವನು ತಲೆ ಆಡಿಸಿದ.

ಮಾರನೆಯ ದಿನ ಮೂರು ಏಟಿಗೇ ಅವನು "ಬೆನಕಪ್ಪ" ಎಂದ. ಗಾಳೆಪ್ಪ ಬರಲು ಎಸೆದು ಕುಣಿದುಬಿಟ್ಟ. ಅಮಾವಾಸ್ಯೆಯ ದಿನ ಎಲ್ಲರ ಮುಂದೆ ಅದನ್ನು ಕಳಿಸಿಕೊಡುವುದು ಎಂದು ಕೇರಿಗೆ ಹೇಳಿ ಕಳಿಸಿದ.

ಅಮಾವಾಸ್ಯೆ ಮಧ್ಯಾಹ್ನ ಕೇರಿಯ ಜನ ಎರಡು ಗಾಡಿ ಕಟ್ಟಿಕೊಂಡು ಬಂದಿಳಿದರು. ಪಕ್ಕೀರಪ್ಪ ಬಲಗೈಯ ಮೊಂಡು ತುದಿಯನ್ನು ಅಂಗಿಯ ತೋಳಿನೊಳಗೆ ಸೇರಿಸಿಕೊಂಡಿದ್ದ. ಸುಂಕಮ್ಮ ಅಡಿಗೆಯ ಪಾತ್ರೆ ಹೊತ್ತಿದ್ದಳು. ಆ ಕುಡುಗೋಲಿನ ಬಾಮೈದುನರೂ ಬಂದು, ಬೇಲಿಗೆ ಒರಗಿ ನಿಂತರು. ಗಾಳೆಪ್ಪ ಮೈಗೆಲ್ಲ ಭಂಡಾರ ಬಳಿದುಕೊಂಡು, ಎಲೆ ತುಂಬಿದ ಬೇವಿನ ಕೊಂಬೆಯನ್ನು ಪಕ್ಕೀರಪ್ಪನ ಎಡಗೈಗೆ ಕೊಟ್ಟ. ಹಲಗೆ ಬಾರಿಸತೊಡಗಿದರು. ಗಿಡ್ಡಮ್ಮ ದೇವಿಯ ಕಡೆ ಒಮ್ಮೆಯೂ ನೋಡಲಿಲ್ಲ. ಅವಳ ಕಣ್ಣೆಲ್ಲ ತಮ್ಮನ ಬಾಯಿಯ ಮೇಲೆ.

ಪಕ್ಕೀರಪ್ಪ ಕಟ್ಟಳೆಯಂತೆ ದೂರ ನಿಲ್ಲಲಿಲ್ಲ. ಸೀದಾ ಬಂದು ಹುಲುಗಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಸುಂಡೆ ಎದ್ದ ಮುಖ ನೋಡಿ ಗಳಗಳನೆ ಅತ್ತುಬಿಟ್ಟ.

"ಎಷ್ಟು ಬಡದಾರಲೇ ನಿನ್ನ! ನೀನೇನು ಮಾಡಿದ್ದಿ ಪಾಪ? ಆ ಬೆನಕ ಹೊಡದಿದ್ದು, ನೀ ಅಲ್ಲ. ನಾ ಎಲ್ಲಾರಿಗೂ ಅದನ್ನ ಹೇಳೀನಿ. ನೀ ಒಂದು ಇರುವಿನೂ ತುಳದಾವ ಅಲ್ಲ."

ಬೈದಿದ್ದರೆ, ಉಗುಳಿದ್ದರೆ ಹುಲುಗಪ್ಪ ಆಣೆ ಉಳಿಸಿಕೊಳ್ಳುತ್ತಿದ್ದ. ಈ ಒಳ್ಳೆಯ ಮಾತನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

"ಪಕ್ಕೀರ, ಬೆನಕಪ್ಪ ಯಾರೂ ಇಲ್ಲ. ನಾನ ಹೊಡದೆ."

ಹಲಗೆ ನಿಂತಿತು.

"ನೀ ಬೀಡ್ಯಾಗ ವಿಷ ಹಾಕ್ತಿ ಅಂತ ಕಿವ್ಯಾಗ ಹೇಳಿದಂಗ ಆಕ್ಕಿತ್ತು. ಸುತ್ತಿಗಿ ಎತ್ತಿದಾಗ ಅದು ನಿನ್ನ ಕೈ ಅಂತ ಗೊತ್ತಿತ್ತು. ಗೊತ್ತಿದ್ದ ಹೊಡದೆ. ಎರಡನೇ ಸಲಾನೂ ಗೊತ್ತಿದ್ದ ಹೊಡದೆ. ನಿನ್ನ ಮುಂದ ನಾಟಕ ಮಾಡಾಕ ನನಗಾಗಲ್ಲ. ನೀ ಏನು ಶಿಕ್ಷೆ ಕೊಡ್ತಿ ಕೊಡು."

ಇದು ದೊಡ್ಡ ಮಾತು. ಕುರ್ಚಿಯ ಮೇಲೆ ಕೂತು ಓದುವವರಿಗೆ ಕಣ್ಣಲ್ಲಿ ನೀರು ತರಿಸುವ ಮಾತು. ಆ ಅಂಗಳದಲ್ಲಿ ಅದರ ಅರ್ಥ ಒಂದೇ ಇತ್ತು. ಹೊಡೆದದ್ದು ದೆವ್ವವಾದರೆ ಎಲ್ಲ ಮಾಫಿ, ಮನುಷ್ಯನಾದರೆ ಕೈಗೆ ಕೈ. ನಡುವಿನದೊಂದು ಇದೆ, ಅದರ ಹೆಸರು ಕಾಯಿಲೆ ಎಂಬುದು ಅಲ್ಲಿ ಗಿಡ್ಡಮ್ಮ ಒಬ್ಬಳಿಗೇ ಗೊತ್ತಿತ್ತು.

ಪಕ್ಕೀರಪ್ಪ ಬಹಳ ಹೊತ್ತು ಹುಲುಗಪ್ಪನ ಕಣ್ಣು ನೋಡಿದ. ಅವು ಹುಚ್ಚನ ಕಣ್ಣಲ್ಲ. ಇಷ್ಟು ದಿನ ಹೆಂಡತಿಯ ಹತ್ತಿರ, ಬಾಮೈದುನರ ಹತ್ತಿರ, ತನ್ನ ಹತ್ತಿರ ತಾನೇ ಹೇಳಿಕೊಂಡು ಬಂದದ್ದೆಲ್ಲ ಅವನ ಮುಖದ ಮೇಲೆಯೇ ಕುಸಿಯಿತು. ಬೇವಿನ ಕೊಂಬೆ ಕೆಳಗೆ ಬಿತ್ತು.

"ಗೊತ್ತಿತ್ತಾ?" ಎಂದ. ಮತ್ತೊಮ್ಮೆ ಗಂಟಲು ಹರಿಯುವಂತೆ, "ಗೊತ್ತಿತ್ತೇನಲೇ ನಿನಗ!" ಎಂದು ಕೂಗಿ ಮೇಲೆ ಬಿದ್ದ.

ಎಡಗೈಯಿಂದ ಸರಪಳಿ ಸೆಳೆದು ಹುಲುಗಪ್ಪನ ಕುತ್ತಿಗೆಗೆ ಸುತ್ತಿ, ಮೊಂಡು ಕೈಯನ್ನು ಎದೆಗೆ ಊರಿ ಬಿಗಿದ. ಹುಲುಗಪ್ಪ ಬಿಡಿಸಿಕೊಳ್ಳಲು ಕೈ ಸಹ ಎತ್ತಲಿಲ್ಲ. ಅವನ ಮುಖ ಕಪ್ಪಿಟ್ಟಿತು, ನಾಲಿಗೆ ಹೊರಬಂತು. ಬೇಲಿಯ ಹತ್ತಿರದಿಂದ ಬಾಮೈದುನರು "ಹಾಕು ಮಾವಾ, ಬಿಡಬ್ಯಾಡ!" ಎಂದು ಓಡಿಬಂದು, ಒಬ್ಬ ಹುಲುಗಪ್ಪನ ಪಕ್ಕೆಗೆ ಒದ್ದ, ಇನ್ನೊಬ್ಬ ಬಲಗೈಯನ್ನು ಕಲ್ಲಿನ ಮೇಲೆ ಎಳೆದು ಹಿಡಿದು ಕುಡುಗೋಲಿಗೆ ಕೂಗಿದ. ಸುಂಕಮ್ಮ ಗಂಡನ ಅಂಗಿ ಜಗ್ಗಿದಳು. ಉಳಿದವರು ಕದಲಲಿಲ್ಲ. ಪೆಟ್ಟು ತಿಂದವನ ಹಕ್ಕಿಗೆ ಅಡ್ಡ ಹೋಗುವವರು ಯಾರು?

ಗಿಡ್ಡಮ್ಮ ನುಗ್ಗಿದಳು. ಗಾಳೆಪ್ಪ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

"ಬಿಡಸಾಕ ಹೋಗಬ್ಯಾಡ, ಇಬ್ರೂ ಸಾಯ್ತೀರಿ. ಅದು ಹುಲುಗಪ್ಪ ಮಾತಾಡಿದ್ದಲ್ಲ ಅನ್ನು. ದೆವ್ವ ಸುಳ್ಳು ಹೇಳಾಕಹತ್ತೈತಿ ಅನ್ನು."

"ನೀ ಹೇಳು ಅಜ್ಜಾ, ನಿನ್ನ ಮಾತು ಕೇಳ್ತಾರ!"

"ನಾ ಹೇಳಿದ್ರ ಈಗ ನಂಬಲ್ಲ. ನಾ ದಿನಾ ಹೊಡಿಯಾವ. ನೀ ಅವಗ ಕೈ ಹಚ್ಚಿದಾಕಿ ಅಲ್ಲ, ಅದು ಕೇರಿಗೆಲ್ಲ ಗೊತ್ತೈತಿ." ಎಂದವನೇ ಹುಣಸೆ ಬರಲನ್ನು ಅವಳ ಕೈಯಲ್ಲಿ ತುರುಕಿದ. "ನೀ ಹೊಡಿ."

ಗಿಡ್ಡಮ್ಮನಿಗೆ ಯೋಚಿಸಲು ಒಂದು ಉಸಿರಿನಷ್ಟು ಹೊತ್ತಿತ್ತು. ಗುಳಿಗೆಯ ವಿಷಯ ಹೇಳಬಹುದಿತ್ತು. ಮೆದುಳು, ಕಾಯಿಲೆ, ದಾವಣಗೆರೆ ಎಂದು ಕೂಗಬಹುದಿತ್ತು. ಯಾರು ಕೇಳುತ್ತಾರೆ? ದುರುಗಮ್ಮನಿಗೇ ಮೋಸ ಮಾಡಿದಳು ಎಂದು ಅವಳನ್ನೂ ಅದೇ ಸರಪಳಿಗೆ ಸುತ್ತುತ್ತಿದ್ದರು. ತಮ್ಮನ ಕಾಲು ನೆಲಕ್ಕೆ ಬಡಿದುಕೊಳ್ಳುವುದು ನಿಧಾನವಾಗುತ್ತಿತ್ತು. ಅವಳು ಬರಲು ಎತ್ತಿದಳು.

ಮೊದಲ ಏಟು ಹುಲುಗಪ್ಪನ ಬಾಯಿಯ ಮೇಲೆಯೇ ಬಿತ್ತು.

"ಯಾವನ್ಲೇ ನೀನು? ನನ್ನ ತಮ್ಮನ ಬಾಯಾಗ ಕುಂತು ಸುಳ್ಳು ಹೇಳಾವ ಯಾವನ್ಲೇ?"

ಅವಳ ಕೂಗಿಗೆ ಪಕ್ಕೀರಪ್ಪನ ಹಿಡಿತ ಒಂದಿಷ್ಟು ಸಡಿಲವಾಯಿತು. ಹುಲುಗಪ್ಪ ಉಸಿರು ಎಳೆದುಕೊಂಡ. ರಕ್ತ ತುಂಬಿದ ಬಾಯಿಂದ, "ಅಕ್ಕಾ... ನಾನು... ಹುಲುಗ" ಎಂದ.

"ಹುಲುಗನ ಹೆಸರು ತಗೀಬ್ಯಾಡ!" ಎಂದು ಬಾರಿಸಿದಳು. ಕೆನ್ನೆ ಸೀಳಿತು. ಬಾಮೈದುನರು ಕೈ ಬಿಟ್ಟು ಹಿಂದೆ ಸರಿದರು. ಗಿಡ್ಡಮ್ಮ ತಮ್ಮನಿಗೆ ಹೊಡೆಯುವುದನ್ನು ನೋಡುವ ದಿನವೊಂದು ಬರುತ್ತದೆ ಎಂದು ಕೇರಿಯಲ್ಲಿ ಯಾರೂ ಎಣಿಸಿರಲಿಲ್ಲ. ಅವಳು ಹೊಡೆಯುತ್ತಾಳೆ ಎಂದರೆ ಅದು ಅವನಲ್ಲ, ಬೇರೆ ಯಾರೋ ಇರಲೇಬೇಕು.

"ನಾನ ಅಕ್ಕಾ. ನಿನಗ ಗೊತ್ತೈತಿ ನಾನ ಅಂತ."

ಗೊತ್ತಿತ್ತು. ಆ ಅಂಗಳದಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಬಾಯಿಗೆ ಮೊದಲ ತುತ್ತು ಇಟ್ಟವಳೇ ಅವಳು. ಗಿಡ್ಡಮ್ಮ ಅಳುತ್ತ, ಅರಚುತ್ತ ಬಾಯಿಗೆ, ಹೆಗಲಿಗೆ, ಕೀವು ತುಂಬಿದ ಬೆನ್ನಿಗೆ ಹೊಡೆದಳು. ಬರಲು ಮುರಿಯಿತು. ಗಾಳೆಪ್ಪ ಇನ್ನೊಂದು ಕೊಟ್ಟ. ಪ್ರತಿ ಏಟಿಗೂ "ಯಾರು? ಯಾರು?" ಎಂದು ಕೇಳಿದಳು, ಪ್ರತಿ ಏಟಿಗೂ ಅವನು "ಹುಲುಗ" ಎಂದ. ಇಂಥ ಹಟ ಅವನಿಗೆ ಯಾರಿಂದ ಬಂದಿತ್ತೋ ಅವಳಿಂದಲೇ ಬಂದಿತ್ತು. ಕೊನೆಗೆ ಅವಳು ಬರಲು ಎಸೆದು, ಅವನ ಕೂದಲು ಹಿಡಿದು ಕಂಬಕ್ಕೆ ತಲೆ ಗುದ್ದಿದಳು. ಒಮ್ಮೆ, ಇನ್ನೊಮ್ಮೆ. ಮತ್ತೊಮ್ಮೆ ಗುದ್ದುವಾಗ ಅವನು ಅವಳ ಮುಖವನ್ನು ದಿಟ್ಟಿಸಿ ನೋಡಿದ. ಆ ಕಣ್ಣಿನಲ್ಲಿದ್ದ ಏನೋ ಒಂದು ಆರಿಹೋದದ್ದನ್ನು ಅವಳು ಅಷ್ಟು ಹತ್ತಿರದಿಂದ ಕಂಡಳು.

"ಬೆನಕಪ್ಪ" ಎಂದ ಹುಲುಗಪ್ಪ. "ನಾನು ಬೆನಕಪ್ಪ. ಬಿಡು ಯವ್ವಾ, ಹೋಗ್ತೀನಿ."

ಅಕ್ಕ ಎನ್ನಲಿಲ್ಲ, ಯವ್ವಾ ಎಂದ, ಗುರುತಿಲ್ಲದ ಯಾವ ಹೆಂಗಸಿಗಾದರೂ ಅನ್ನುವ ಹಾಗೆ.

ಹಲಗೆ ಮತ್ತೆ ಬಡಿಯತೊಡಗಿತು. ಜನ "ದುರುಗವ್ವಾ, ನಿನ್ನ ಪಾದ!" ಎಂದು ನೆಲಕ್ಕೆ ಬಿದ್ದರು. ಗಾಳೆಪ್ಪ ಭಂಡಾರ ತೂರಿದ. ಪಕ್ಕೀರಪ್ಪ ಸರಪಳಿಯನ್ನು ಹುಲುಗಪ್ಪನ ಕುತ್ತಿಗೆಯಿಂದ ಬಿಡಿಸಿ, ಅವನ ತಲೆಯನ್ನು ಮೊಂಡು ತೋಳಿನಿಂದ ಎದೆಗೆ ಒತ್ತಿಕೊಂಡ.

"ಅದಕ ಅಂದೆ ನಾನು! ನಮ್ಮ ಹುಲುಗ ಹಂಗ ಅನ್ನಾವನ ಅಲ್ಲ. ಅದು, ಆ ಹಲ್ಕಟ್ ಬೆನಕ ಅಂದಿದ್ದು. ನಾನೂ ಅದರ ಮಾತು ನಂಬಿ ನಿನ್ನ ಕೊಂದ ಬಿಡ್ತಿದ್ನಲ್ಲೋ ಯಪ್ಪಾ!"

ಬೇವಿನ ಕೊಂಬೆಯಿಂದ ಮೆಲ್ಲಗೆ, ಕೂಸಿಗೆ ಗಾಳಿ ಬೀಸಿದಂತೆ, ಬೆನ್ನಿಗೆ ತಾಗಿಸಿದ. ಉಡುದಾರದಿಂದ ಕೀಲಿ ಬಿಚ್ಚಿ, ಎಡಗೈಯಲ್ಲಿ ತಡವರಿಸುತ್ತ ಬೀಗ ತೆಗೆದ. ಹುಲುಗಪ್ಪನ ಕಾಲಿನ ಗಾಯದಿಂದ ಸರಪಳಿ ಚರ್ಮ ಕಿತ್ತುಕೊಂಡೇ ಕೆಳಗೆ ಬಿತ್ತು. ಬಾಮೈದುನರಲ್ಲಿ ಒಬ್ಬ ನೀರು ತಂದು ಅವನ ಮುಖ ತೊಳೆದ. ತಮ್ಮ ಬದುಕಿದ, ಗಿಡ್ಡಮ್ಮನಿಗೆ ಇನ್ನೇನು ಬೇಕು? ಒಲೆಯ ಬದಿಗೆ ಕುಸಿದು ಕೂತು, ರಕ್ತ ಅಂಟಿದ ತನ್ನ ಕೈಗಳನ್ನು ಬೂದಿಯಲ್ಲಿ ಉಜ್ಜಿಕೊಂಡಳು.

ಇಳಿಹೊತ್ತಿಗೆ ತಟ್ಟೆ ಇಟ್ಟರು. ಒಂದೇ ತಟ್ಟೆ, ಅನ್ನ, ಬೇಳೆ ಸಾರು. ಪಕ್ಕೀರಪ್ಪ ಎಡಗೈಯಲ್ಲಿ ಕಲಸಿ, ಒಂದು ತುತ್ತು ತಾನು ಉಂಡು ಒಂದು ತುತ್ತು ಹುಲುಗಪ್ಪನ ಒಡೆದ ತುಟಿಯ ನಡುವೆ ಇಡುತ್ತಿದ್ದ. ಕೇರಿಯ ಜನ ಸುತ್ತ ಕೂತು ನೋಡುತ್ತಿದ್ದರು. ದಿನಾ ಗುಳಿಗೆ ಕೊಡುವ ಹೊತ್ತು ಅದೇ. ಇವತ್ತೊಂದು ದಿನ ಬಿಡೋಣ ಎಂದು ಗಿಡ್ಡಮ್ಮ ಯೋಚಿಸಿದಳು. ಇವತ್ತಿನಂಥ ದಿನವೇ ಬಿಡಬಾರದು ಅನ್ನಿಸಿತು. ಬೆಲ್ಲದ ತುಣುಕಿನೊಳಗೆ ಗುಳಿಗೆ ಇಟ್ಟು ಹತ್ತಿರ ಹೋಗಿ, "ತಗಳಪ್ಪಾ, ಬಾಯಿ ಸೀ ಮಾಡ್ಕ" ಎಂದು ಚಾಚಿದಳು.

ಹುಲುಗಪ್ಪ ಅವಳ ಕೈಯನ್ನು ನೋಡಿದ. ಬೆಲ್ಲ ತೆಗೆದುಕೊಂಡು, ಮುರಿದು, ಗುಳಿಗೆಯನ್ನು ಅಂಗೈ ಮೇಲೆ ಇಟ್ಟು ಪಕ್ಕೀರಪ್ಪನಿಗೆ ತೋರಿಸಿದ.

"ಏನದು? ಗುಳಿಗಿನಾ?" ಎಂದ ಪಕ್ಕೀರಪ್ಪ. "ಎದಕ ಅಕ್ಕಾ?"

"ತಲಿನೋವಿಂದು" ಎಂದಳು ಗಿಡ್ಡಮ್ಮ.

"ನನಗ ತಲಿನೋವಿಲ್ಲ" ಎಂದ ಹುಲುಗಪ್ಪ. ಬಾಯಿ ಊದಿದ್ದರಿಂದ ಮಾತು ನಿಧಾನವಾಗಿ ಬರುತ್ತಿತ್ತು, ಆದರೆ ಒಂದೊಂದೂ ಸ್ಪಷ್ಟವಾಗಿತ್ತು. "ನನಗೇನಾಗಿತ್ತು, ಹೇಳು. ಎಲ್ಲಾರ ಮುಂದ ಹೇಳು."

ಎಲ್ಲರೂ ಕೇಳುತ್ತಿದ್ದರು. ಪಕ್ಕೀರಪ್ಪ ತುತ್ತು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಅವಳ ಮುಖ ನೋಡಿದ.

"ದೆವ್ವ ಬಡದಿತ್ತು" ಎಂದಳು.

"ಹೋತಿಲ್ಲೋ?"

"ಹೋತು."

"ನೀನ ಬಡದು ಓಡಿಸಿದಿ. ಮತ್ತ ಇನ್ನ ಗುಳಿಗಿ ಯಾಕ?"

ಪಕ್ಕೀರಪ್ಪ ಹೌದು ಹೌದು ಎಂದು ತಲೆಯಾಡಿಸಿದ. ಹುಲುಗಪ್ಪ ಗುಳಿಗೆಯನ್ನು ಒಲೆಯ ಕೆಂಡಕ್ಕೆ ಎಸೆದು, ಬಾಯಿ ತೆರೆದು ಗೆಳೆಯನ ಕೈಯ ತುತ್ತು ಇಸಿದುಕೊಂಡ. ನಾಳೆಯೂ ಅವನು ತಿನ್ನುವುದಿಲ್ಲ, ನಾಡಿದ್ದೂ ತಿನ್ನುವುದಿಲ್ಲ ಎಂಬುದು ಅವನು ಅಗಿಯುವ ರೀತಿಯಲ್ಲೇ ಗಿಡ್ಡಮ್ಮನಿಗೆ ಗೊತ್ತಾಯಿತು. ಮುಂದಿನ ವಾರದಿಂದ ಕೆಲಸಕ್ಕೆ ಹೋಗೋಣ, ಎಡಗೈಯಲ್ಲಿ ಉಳಿ ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದೇನೆ, ಸುತ್ತಿಗೆಗೆ ನೀನೇ ಬೇಕು ಎಂದು ಪಕ್ಕೀರಪ್ಪ ಅವನಿಗೆ ಹೇಳುತ್ತಿದ್ದ. ಗಿಡ್ಡಮ್ಮ ಬಾಯಿ ತೆರೆದಳು. ಸುತ್ತ ಕೂತ ಅಷ್ಟೂ ಜನರನ್ನು ನೋಡಿದಳು, ಬಾಯಿ ಮುಚ್ಚಿಕೊಂಡಳು.